ಮಹಡಿ ಮನೆಯ ಮೇಡಂ ಹೇಳಿದ್ದ ಎರಡು ಮಾತು

ತವರಿಗೆ ಹೋಗಿ ವಾರ ಇದ್ದು ಬಂದಿದ್ದೆವು. ಮನೆಯಲ್ಲಿ ಹೆಪ್ಪಿಗೆ ಒಂದು ಚಮಚ ಮೊಸರೂ ಉಳಿದಿರಲಿಲ್ಲ. ಪಕ್ಕದ ಮನೆಯಲ್ಲಿ ಕೇಳೋಣವೆಂದರೆ ಆಗಲೇ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು, ಕೇಳಲೂಬಾರದು ಎಂದು ನಮ್ಮ ಹಿರಿಯರು ಹೇಳಿದ್ದನ್ನು ನಾನು ಇವತ್ತಿಗೂ ಮೀರಿಲ್ಲ. ಹಾಲು ಕಾಯಿಸಿ ಮುಚ್ಚಿಟ್ಟು ಮಲಗಿದೆ. ಬೆಳಿಗ್ಗೆ ಸ್ನಾನ ಮುಗಿಸಿ, ಈ ಸೆಕೆಗೆ ಹಾಲು ಒಡೆಯದೆ ಉಳಿದಿದ್ದರೆ ಸಾಕಪ್ಪಾ ಶಿವನೇ ಎನ್ನುತ್ತಾ ಮುಚ್ಚಳ ತೆಗೆದರೆ, ಪಾತ್ರೆಯಲ್ಲಿ ಮೊಸರು! ಗಟ್ಟಿಯಿರಲಿಲ್ಲ, ತುಳುಕುತ್ತಿತ್ತು. ಮೇಲೆ ಒಣಮೆಣಸಿನಕಾಯಿಯ ತೊಟ್ಟುಗಳು ತೇಲುತ್ತಿದ್ದವು. ಹುಳಿಯೂ ಅಲ್ಲದ, ಸಿಹಿಯೂ ಅಲ್ಲದ, ಅಂಚಿನಲ್ಲಿ ಒಂಚೂರು ಮೆಣಸಿನ ಘಾಟು ಇದ್ದ ಒಂದು ವಾಸನೆ ಮೂಗಿಗೆ ಬಂತು...

"ಇದನ್ನ ಯಾವಾಗ ಹಾಕಿದ್ಯೇ?" ಎಂದು ಮಗಳನ್ನು ಕೇಳಿದೆ.

"ನೀನು ಮಲಗಾಕೆ ಹೋದ್ಯಲ್ಲ, ಆಗ. ಮಹಡಿ ಮೇಡಂ ಹಿಂಗೇ ಮಾಡ್ತಿದ್ರು ಅಂತ ನೀನೇ ಹೇಳಿದ್ದಲ್ಲಮ್ಮ."

ಪಾತ್ರೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದು, ವರ್ಷಗಳಿಂದ ಕಣ್ಣಿಗೇ ಬೀಳದಿದ್ದ ಮೇಡಂ ಆ ವಾಸನೆಯ ಹಿಂದೆಯೇ ಮೆಟ್ಟಿಲಿಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ ಹಾಗಾಯಿತು. ಅವರು ಅವತ್ತು ನಮಗೆ ಬೇಕಾಗಿಯೂ ಇದ್ದರು. ಏಕೆಂದರೆ ತವರಿಗೆ ಹೋಗುವ ಮೊದಲಿನಿಂದಲೂ ನಮ್ಮ ಮನೆಯಲ್ಲಿ ಮಗಳ ಓದಿನದೇ ಗೊಂದಲ.

ಅವಳ ಪಿಯುಸಿ ಮುಗಿದಿತ್ತು. ಒಳ್ಳೆಯ ಅಂಕಗಳೇ ಬಂದಿದ್ದವು, ಅದು ದೇವರ ದಯೆ. ಆದರೆ ಡಾಕ್ಟರಿಕೆಗೆ ಸಾಲುವಷ್ಟಲ್ಲ. ನಮ್ಮ ಮನೆಯವರದು ಬೀಜ, ಗೊಬ್ಬರದ ಅಂಗಡಿ. ಅವರು ಪರಿಚಯದವರಿಗೆ ಹೇಳಿ ನರ್ಸಿಂಗ್ ಕಾಲೇಜೊಂದರಲ್ಲಿ ಸೀಟು ಹಿಡಿಸಿದ್ದರು. ಶನಿವಾರದೊಳಗೆ ಹೂಂ ಅನ್ನಬೇಕಿತ್ತು. ಮಗಳು ಮಾತ್ರ ಬಿಎಸ್‌ಸಿ ಮಾಡುತ್ತೇನೆ, ಅದರಲ್ಲೂ ಬಯೋಕೆಮಿಸ್ಟ್ರಿ ಓದುತ್ತೇನೆ ಎಂದು ಕೂತಿದ್ದಳು. ಜೀವಿಗಳ ಮೈಯೊಳಗೆ ನಡೆಯುವ ರಸಾಯನದ ಓದು ಅದು, ಎಂದು ನಾನು ಅತ್ತೆಗೆ ಬಿಡಿಸಿ ಹೇಳಿದೆ. ಅಷ್ಟನ್ನಾದರೂ ನಾನು ತಿಳಿದಿದ್ದು ಮೇಡಂ ದೆಸೆಯಿಂದಲೇ.

"ಅದನ್ನ ಓದಿದ್ರೆ ಡಾಕ್ಟ್ರಾಗ್ತಾಳೇನು?" ಎಂದರು ಅತ್ತೆ.

"ಇಲ್ಲತ್ತೆ."

"ನರ್ಸು?"

"ಅದೂ ಅಲ್ಲ."

"ಟೀಚರ್ರು?"

"ಆದ್ರೂ ಆಗಬಹುದು, ಗೊತ್ತಿಲ್ಲ."

"ಮತ್ತೆ ಗಂಡಿನ ಕಡೇರು ಬಂದು ಹುಡುಗಿ ಏನು ಓದ್ಯಾಳ್ರಿ ಅಂತ ಕೇಳಿದ್ರೆ, ಗೊತ್ತಿಲ್ರಿ ಅಂತ ಹೇಳಾದಾ?"

ನಮ್ಮ ಮನೆಯವರು ನಕ್ಕರು. "ಗೊಬ್ಬರನೂ ಕೆಮಿಸ್ಟ್ರಿನೇ ಐತೆ. ಸುಮ್ನೆ ಬಂದು ನನ್ನ ಗಲ್ಲಾದಾಗೆ ಕೂಡ್ಲಿ" ಎಂದರು. ಮಗಳು ನಗಲಿಲ್ಲ. ಮುಖ ಊದಿಸಿಕೊಂಡು ನನ್ನ ಹಿಂದೆ ಅಡುಗೆಮನೆಗೆ ಬಂದಳು.

"ಮೂರು ವರ್ಷ ಡಿಗ್ರಿ ಮಾಡ್ತೀನಮ್ಮ. ಆಮೇಲೆ ಎರಡು ವರ್ಷ ಎಂಎಸ್ಸಿ. ಆಮೇಲೆ ಔಷಧಿ ಕಂಪನಿ ಲ್ಯಾಬ್ ಅದಾವೆ, ಆಹಾರ ಪರೀಕ್ಷೆ ಮಾಡೋ ಲ್ಯಾಬ್ ಅದಾವೆ. ಇಲ್ಲಾಂದ್ರೆ ಪಿಎಚ್‌ಡಿ ಮಾಡ್ತೀನಿ."

"ಪಿಎಚ್‌ಡಿ ಆದ್ಮೇಲೆ?"

"ಆಮೇಲೆ ನೋಡಣ."

"ಆಮೇಲೆ ನೋಡಣ ಅನ್ನೋ ಊರಿಗೆ ನಿಮ್ಮಪ್ಪ ಬಸ್ ಹತ್ತಿಸಲ್ಲ ಕಣೆ" ಎಂದೆ. ರೊಟ್ಟಿ ತಟ್ಟುತ್ತಾ ನನಗೆ ನಗು ಬಂತು. ಆದರೆ ಒಳಗೆ ಏನೂ ತಿಳಿಯದಾಗಿತ್ತು. ಅವಳು ಹೇಳಿದ್ದು ಸರಿಯೋ, ಅವರು ಹೇಳಿದ್ದು ಸರಿಯೋ ಹೇಳಲು ನಾನು ಯಾರು? ನಾನು ಪಿಯುಸಿಯನ್ನೂ ಪೂರ್ತಿ ಮಾಡಿದವಳಲ್ಲ.

"ಮೇಡಂ ಇಲ್ಲಿದ್ದಿದ್ರೆ ಏನಂತಿದ್ರಮ್ಮ?" ಎಂದಳು.

ಆ ಪ್ರಶ್ನೆಗೆ ನನ್ನ ಕೈ ನಿಂತಿತು. ಉತ್ತರ ಗೊತ್ತಿರಲಿಲ್ಲ ಎಂದಲ್ಲ. ನನ್ನ ಹತ್ತಿರ ಎರಡು ಉತ್ತರಗಳಿದ್ದವು.

ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯ ಮೇಲೆ ಬಾಡಿಗೆಗೆಂದು ಒಂದು ಕೋಣೆ, ಅಡುಗೆಮನೆ ಕಟ್ಟಿಸಿದ್ದೆವು. ಅವರು ಅಲ್ಲಿಗೆ ಬಂದಾಗ ಮಗಳು ಇನ್ನೂ ಚಿಕ್ಕವಳು, ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ಒಬ್ಬರೇ ಇದ್ದರು. ರಾಣೆಬೆನ್ನೂರು ಕಡೆಯವರು. ದಿನಾ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಅಲ್ಲಿನ ಕಾಲೇಜೊಂದರಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡಿ ಸಂಜೆ ಬರುತ್ತಿದ್ದರು. ಮದುವೆಯಾಗಿರಲಿಲ್ಲ. ಬೀದಿಯ ಹೆಂಗಸರು ಅದರ ಬಗ್ಗೆ ಏನೇನೋ ಅಂದರು, ನಾನು ಕೇಳಲು ಹೋಗಲಿಲ್ಲ. ಅವರವರ ಕಾಯಕ ಅವರವರಿಗೆ.

ಬಂದ ವಾರವೇ ಒಂದು ಸಂಜೆ ಸ್ಟೀಲಿನ ಬಟ್ಟಲು ಹಿಡಿದು ಇಳಿದು ಬಂದರು.

"ಅಕ್ಕ, ಒಂಚೂರು ಹೆಪ್ಪು ಕೊಡ್ತೀರಾ?"

ನಾನು ಆಗಷ್ಟೇ ದೇವರ ಜಗುಲಿಗೆ ದೀಪ ಹಚ್ಚಿ ಎದ್ದಿದ್ದೆ. ಇಲ್ಲ ಅನ್ನಲು ನಾಚಿಕೆ, ಕೊಡಲು ಭಯ. "ದೀಪ ಹಚ್ಚಾತ್ರಿ ಮೇಡಂ. ಈಗ ಹೆಪ್ಪು ಕೊಡಂಗಿಲ್ಲ. ತಪ್ಪು ತಿಳ್ಕಬ್ಯಾಡ್ರಿ" ಎಂದೆ. ಓದಿದವರು, ಇದೆಂಥ ಮೂಢತನ ಎಂದಾರು ಎಂದುಕೊಂಡೆ. ಅವರು ಹಾಗೇನೂ ಅನ್ನಲಿಲ್ಲ.

"ಒಣಮೆಣಸಿನಕಾಯಿ ಕೊಡಬಹುದಾ?" ಎಂದು ಕೇಳಿದರು.

ಮೆಣಸಿನಕಾಯಿ ಕೊಡಬಾರದೆಂದು ಯಾರೂ ನನಗೆ ಹೇಳಿರಲಿಲ್ಲ. ಒಂದು ಹಿಡಿ ಕೊಟ್ಟೆ. ಬೆಳಿಗ್ಗೆ ಬಟ್ಟಲಲ್ಲಿ ಮೊಸರು ತಂದು ತೋರಿಸಿದರು. "ತೊಟ್ಟಿನ ಮೇಲೆ ಕಣ್ಣಿಗೆ ಕಾಣದ ಜೀವ ಇರ್ತಾವಕ್ಕ. ಬೆಚ್ಚಗಿನ ಹಾಲು ಸಿಕ್ಕರೆ ಅವೇ ಸಂಸಾರ ಹೂಡ್ತಾವೆ. ಇವತ್ತು ಸ್ವಲ್ಪ ತೆಳು. ಇದರಿಂದಲೇ ನಾಳೆ ಹಾಕ್ರಿ, ಗಟ್ಟಿ ಬರ್ತೈತೆ" ಎಂದರು.

ನನಗೆ ಬೇರೆಯೇ ಗೊಂದಲವಾಯಿತು. ನಮ್ಮ ಮನೆಯ ಹೆಪ್ಪು ಅತ್ತೆಯ ಕಾಲದಿಂದ ಬಂದದ್ದು, ಅತ್ತೆಗೆ ಅವರ ಅತ್ತೆಯಿಂದ. ಈ ಮೊಸರಿಗೆ ಹಿಂದುಮುಂದು ಯಾರೂ ಇಲ್ಲ. ಇದನ್ನು ಎಡೆಗೆ ಇಡಬಹುದೋ ಬಾರದೋ? ಕೇಳಿಯೇಬಿಟ್ಟೆ. ಮೇಡಂ ಬಹಳ ಹೊತ್ತು ಯೋಚಿಸಿ, "ಅದು ನನ್ನ ಸಿಲಬಸ್ಸಿನಾಗೆ ಇಲ್ಲಕ್ಕ" ಎಂದರು. ಇಬ್ಬರೂ ನಕ್ಕೆವು. ಆವತ್ತು ನಾನು ಎಡೆಗೆ ಇಡಲಿಲ್ಲ. ಮರುದಿನದ ಗಟ್ಟಿ ಮೊಸರನ್ನು ಇಟ್ಟೆ. ಅದು ಸರಿಯಾಯಿತೋ ಇಲ್ಲವೋ ಶಿವನಿಗೇ ಗೊತ್ತು.

ಹಾಗೆ ಶುರುವಾಯಿತು ನಮ್ಮ ಒಡನಾಟ.

ನನ್ನದು ಶ್ರಾವಣ ಸೋಮವಾರದ ಉಪವಾಸ. ಒಂದು ಸಲ ಸಂಜೆ ಒಣಗಿದ ಬಟ್ಟೆ ತರಲು ಮಹಡಿಗೆ ಹೋದವಳು ತಲೆಸುತ್ತು ಬಂದು ಕೂತುಬಿಟ್ಟೆ. ಮೇಡಂ ನೀರು ಕೊಟ್ಟು ಪಕ್ಕದಲ್ಲಿ ಕೂತರು. ನಾವು ಉಣ್ಣದ ದಿನವೂ ಒಳಗಿನ ಒಲೆ ಆರುವುದಿಲ್ಲವಂತೆ. ಲಿವರ್ ಎನ್ನುವುದು ಒಂದು ಕಣಜವಂತೆ, ಉಂಡ ದಿನ ತುಂಬಿಟ್ಟುಕೊಂಡು ಉಪವಾಸದ ದಿನ ಸ್ವಲ್ಪ ಸ್ವಲ್ಪ ಬಿಚ್ಚುತ್ತದಂತೆ. ಕೈಯಾಡಿಸುತ್ತಾ, ಕಣ್ಣರಳಿಸಿಕೊಂಡು, ಮನೆಯ ಸೊಸೆಯೊಬ್ಬಳ ಜಾಣತನ ಹೇಳುವ ಹಾಗೆ ಹೇಳಿದರು. ನಾನು "ಎಲ್ಲಾ ಅವನ ಲೀಲೆ ಕಣ್ರಿ" ಎಂದೆ. ಅವರು ಇಲ್ಲವೆನ್ನಲಿಲ್ಲ. "ಲೀಲೆ ಹೆಂಗೆ ನಡೀತೈತೆ ಅಂತ ಇಣುಕಿ ನೋಡೋದೇ ನನ್ನ ಕೆಲಸ" ಎಂದರು. ಅವತ್ತಿನಿಂದ ಉಪವಾಸದ ದಿನ ಹೊಟ್ಟೆ ಚುರುಗುಟ್ಟಿದರೆ, ಕಣಜ ತುಂಬಿಸಿಟ್ಟವನಿಗೆ ಒಂದು ನಮಸ್ಕಾರ ಹೆಚ್ಚಿಗೆ ಹಾಕುತ್ತೇನೆ.

ಮಗಳಂತೂ ಶಾಲೆ ಬಿಟ್ಟು ಬಂದರೆ ಚೀಲ ಕೆಳಗೆ ಎಸೆದು ಮೇಲೆ ಓಡುತ್ತಿದ್ದಳು. ಒಂದು ದಿನ ಮೇಡಂ ಅವಳ ಬಾಯಿಗೆ ಒಂದು ಮುಷ್ಟಿ ಮಂಡಕ್ಕಿ ಹಾಕಿ, "ನುಂಗಬ್ಯಾಡ. ಅಗಿ. ಇನ್ನೂ ಅಗಿ" ಎಂದು ಕೂರಿಸಿದರಂತೆ. ಸಕ್ಕರೆ ಬೆಲ್ಲ ಏನೂ ಹಾಕದ ಮಂಡಕ್ಕಿ ಬಾಯಲ್ಲೇ ಸಿಹಿಯಾಯಿತೆಂದು ಇವಳು ಕುಣಿಯುತ್ತಾ ಬಂದಳು. ಎಂಜಲಿನಲ್ಲಿ ಏನೋ ಇದೆಯಂತೆ, ಹಿಟ್ಟನ್ನು ಸಕ್ಕರೆ ಮಾಡುತ್ತದಂತೆ. ನಮ್ಮ ದಾವಣಗೆರೆಯಲ್ಲಿ ಮಂಡಕ್ಕಿ ತಿನ್ನದವರಾರು? ಹುಟ್ಟಿದಾಗಿನಿಂದ ತಿಂದಿದ್ದೇವೆ, ಆದರೆ ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇರುವಾಗ ಯಾರು ಅಷ್ಟು ಹೊತ್ತು ಅಗಿಯುತ್ತಾರೆ! ಮರುದಿನ ಶಾಲೆಯಲ್ಲಿ ಊಟದ ಬಿಡುವು ಮುಗಿದು ಬೆಲ್ ಹೊಡೆದರೂ ಇವಳು ಬಾಯಿತುಂಬ ಅನ್ನ ಇಟ್ಟುಕೊಂಡು ಅಗಿಯುತ್ತಲೇ ಇದ್ದಳಂತೆ. ಟೀಚರ್ ಏನು ಕೇಳಿದರೂ ಬಾಯಿ ಬಿಡಲಿಲ್ಲವಂತೆ. ನನ್ನನ್ನು ಕರೆಸಿ ಬೈದರು. ಮೇಡಂಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕು, "ಸಿಹಿ ಆತಂತಾ?" ಎಂದು ಕೇಳಿದರು. ಬೈಗುಳದ ವಿಚಾರವೇ ಅವರ ಕಿವಿಗೆ ಬಿದ್ದಿರಲಿಲ್ಲ.

ಇನ್ನು ಆ ಎರಡು ಮಾತು...

ಒಂದು ಜೂನ್ ತಿಂಗಳು. ಕಾಲೇಜು ಶುರುವಾಗುವ ಹೊತ್ತು. ಅವರದು ಕಾಯಂ ಕೆಲಸವಾಗಿರಲಿಲ್ಲ, ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಕರೆಯಬೇಕು. ಕರೆ ಬರುವ ತನಕ ಕಾಯಬೇಕು. ಆ ವರ್ಷ ಕರೆ ಬಂದಿರಲಿಲ್ಲ. ನಾನು ಬಿಲ್ವಪತ್ರೆ ಬಿಡಿಸಿಕೊಂಡು ಬರುವಾಗ ಅವರು ಮಹಡಿಯ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿದ್ದರು. ತಲೆ ಬಾಚಿರಲಿಲ್ಲ.

"ಅತಿಥಿ ಅಂತಾರಕ್ಕ. ಬರ್ರಿ ಕೂಡ್ರಿ ಅನ್ನೋಕೆ ಪ್ರತಿ ವರ್ಷ ಬಾಗಿಲಾಗೆ ನಿಲ್ಲಿಸ್ತಾರೆ. ಇಂಥ ಅತಿಥಿನ ನೀವೆಲ್ಲಾದ್ರೂ ಕಂಡೀರಾ?" ಎಂದರು. ನಗುತ್ತಾರೆಂದುಕೊಂಡೆ, ನಗಲಿಲ್ಲ. "ಪಿಯು ಕಾಲೇಜಿಗೆ ಹೋದ್ರೆ ನಿಮ್ದು ಕೆಮಿಸ್ಟ್ರಿ ಅಲ್ಲ ಅಂತಾರೆ. ಬಯಾಲಜಿ ಕೊಡ್ರಿ ಅಂದ್ರೆ ಅದೂ ಅಲ್ಲ ಅಂತಾರೆ. ಆಸ್ಪತ್ರೆ ಲ್ಯಾಬಿಗೆ ಹೋದ್ರೆ, ಇಷ್ಟು ಓದ್ದೋರು ನಮಗ್ಯಾಕೆ, ಲ್ಯಾಬ್ ಡಿಪ್ಲೊಮಾ ಆದೋರು ಸಾಕು ಅಂತಾರೆ. ಅಕ್ಕ, ನಿಮ್ಮ ಮಗಳು ನನ್ನ ಬಾಲ ಹಿಡ್ಕಂಡು ತಿರುಗ್ತಾಳೆ. ಮುಂದೆ ಅವಳು ಇದೇ ಓದ್ತೀನಿ ಅಂದ್ರೆ ಬ್ಯಾಡ ಅಂತ ಹೇಳ್ರಿ. ನಾನೇ ಹೇಳೀನಿ ಅಂತ ಹೇಳ್ರಿ."

ಕೈಯಲ್ಲಿದ್ದ ಬುಟ್ಟಿಯಿಂದ ಒಂದು ದಳ ತೆಗೆದು ಅವರ ಕೈಗಿಟ್ಟು ಒಳಗೆ ಬಂದೆ. ಆಮೇಲೆ ಅವರಿಗೆ ಕರೆ ಬಂತು. ಆ ವರ್ಷಕ್ಕೆ ಅದೊಂದು ಸಮಾಧಾನ.

ಇನ್ನೊಂದು ಮಾತು ಹರಿಹರದಲ್ಲಿ ಹೇಳಿದ್ದು. ಅದೊಂದು ಸೋಮವಾರ, ಅವರಿಗೆ ರಜೆಯಿತ್ತು. "ದಿನಾ ಅದೇ ಊರಿಗೆ ಹೋಗ್ತೀನಿ, ಒಂದಿನ ದೇವಸ್ಥಾನದೊಳಗೆ ಕಾಲಿಟ್ಟಿಲ್ಲ. ಬರ್ರಿ ಅಕ್ಕ, ನೀವು ಜೊತೆಗಿದ್ರೆ ಪೂಜೆ ಸಾಂಗ ಆಗ್ತೈತೆ" ಎಂದು ಕರೆದುಕೊಂಡು ಹೋದರು. ಹರಿಹರೇಶ್ವರನ ಮುಂದೆ ನಿಂತಾಗ ನನಗೆ ಎಂದಿನಂತೆ ಕಣ್ಣು ತುಂಬಿತು. ಒಂದೇ ಮೈ. ಅರ್ಧ ಹರಿ, ಅರ್ಧ ಹರ. ನಾನು ಹುಟ್ಟಿನಿಂದ ಶಿವನನ್ನೇ ನಂಬಿದವಳು. ಗೊತ್ತಿಲ್ಲದೆಯೇ ಹರನ ಕಡೆಗೆ ಸರಿದು ನಿಂತು ಕೈ ಮುಗಿದಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಹರಿಯ ಕಡೆಗೆ ಸರಿದು ನಿಂತಿದ್ದರು. ನಡುವೆ ಜಾಗ ಖಾಲಿ. ಮೇಡಂ ಹೋಗಿ ಆ ನಡುವಿನಲ್ಲಿ ನಿಂತರು.

ಹೊರಗೆ ಬಂದ ಮೇಲೆ ಕಿವಿಯಲ್ಲಿ ಹೇಳಿದರು, "ನನ್ನ ಸಬ್ಜೆಕ್ಟ್ ಇದ್ದಂಗೆ ಐತೆ ನೋಡ್ರಿ ಈ ದೇವ್ರು. ಅರ್ಧ ಬಯಾಲಜಿ, ಅರ್ಧ ಕೆಮಿಸ್ಟ್ರಿ. ಎಲ್ಲರೂ ಆ ಕಡೆ ಇಲ್ಲಾ ಈ ಕಡೆ ಕೈ ಮುಗೀತಾರೆ. ನಡುವೆ ನಿಂತೋರು ನಾವೇ ನಾಲ್ಕು ಮಂದಿ." ದೇವರನ್ನು ಪಾಠಕ್ಕೆ ಹೋಲಿಸಬಹುದೇ ಎಂದು ನನಗೆ ಅಳುಕಾಯಿತು. ಆದರೆ ಅವರ ಮುಖದಲ್ಲಿ ಹುಡುಗಾಟ ಇರಲಿಲ್ಲ, ಭಕ್ತಿಯಂಥದ್ದೇ ಏನೋ ಇತ್ತು.

ಹೊಳೆಯ ಕಡೆ ಹೋಗುವಾಗ ಹುಡುಗಿಯೊಬ್ಬಳು "ಮೇಡಂ, ಮೇಡಂ" ಎಂದು ಓಡಿಬಂದಳು. ಅವರ ಹಳೆಯ ವಿದ್ಯಾರ್ಥಿನಿ. ಎಂಎಸ್‌ಸಿ ಮುಗಿಸಿ ಔಷಧಿ ತಯಾರಿಸುವ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದಳಂತೆ, ರಜೆಗೆ ಬಂದಿದ್ದಳು. ಇಬ್ಬರೂ ನನಗೆ ಒಂದಕ್ಷರವೂ ತಿಳಿಯದ ಮಾತಾಡಿದರು. ಯಾವುದೋ ಮಾತ್ರೆ ಮೈಯೊಳಗೆ ಎಷ್ಟು ಹೊತ್ತಿಗೆ ಕರಗುತ್ತದೆಂದು ಆ ಹುಡುಗಿ ನೋಡುತ್ತಿದ್ದಳಂತೆ. ನಾನು ಹೊಳೆ ನೋಡುತ್ತಾ ನಿಂತೆ. ಹುಡುಗಿ ಕಾಲಿಗೆ ನಮಸ್ಕಾರ ಮಾಡಿ ಹೋದ ಮೇಲೆ ಮೇಡಂ ಹೊಳೆಯ ದಂಡೆಯ ಮೇಲೆ ಕೂತು ನೀರಿನಲ್ಲಿ ಕಾಲು ಬಿಟ್ಟರು.

"ಇನ್ನೊಂದು ಜನ್ಮ ಅಂತಿದ್ರೆ ಇದನ್ನೇ ಓದ್ತೀನಕ್ಕ. ಬೇರೇನೂ ಬ್ಯಾಡ. ನಿಮ್ಮ ಮಗಳನ್ನೂ ಇದಕ್ಕೇ ಹಾಕ್ರಿ. ಅವಳಿಗೆ ಕಣ್ಣೈತೆ. ಯಾರು ಏನಂದ್ರೂ ಹಾಕ್ರಿ, ನಾನು ಹೇಳೀನಿ ಅಂತ ಹೇಳ್ರಿ."

ಹೂಂ ಎಂದೆ. ಹಿಂದೆ ಮುಂದೆ ಯೋಚಿಸಲಿಲ್ಲ. ಅಷ್ಟು ಚಿಕ್ಕ ಹುಡುಗಿಯ ಓದಿನ ಮಾತು, ಯಾವ ಕಾಲಕ್ಕೋ ಏನೋ... ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಆಮೇಲೆ ಅವರು ಹರಿಹರದಲ್ಲೇ ಮನೆ ಮಾಡಿಕೊಂಡು ಹೋದರು. ಓಡಾಟ ತಪ್ಪುತ್ತದೆಂದು ನಾನೂ ಸಂತೋಷಪಟ್ಟೆ. ಯುಗಾದಿಗೆ, ದೀಪಾವಳಿಗೆ ಫೋನು ಮಾಡುತ್ತಿದ್ದರು. "ಸಿಹಿ ಆಯ್ತಾ ಕೇಳ್ರಿ ಅವಳನ್ನ" ಎನ್ನುತ್ತಿದ್ದರು. ಕೊರೊನಾ ಬಂದ ಮೇಲೆ ಅವರ ಫೋನು ನಿಂತಿತು. ನಮ್ಮದೂ ನಂಬರು ಬದಲಾಯಿತು. ಅರ್ಧ ಗಂಟೆಯ ಬಸ್ಸಿನ ದಾರಿ. ಹತ್ತಿರದ ಊರುಗಳು ದೂರವಾಗುವುದೇ ಹೀಗೆ, ಯಾವಾಗ ಬೇಕಾದರೂ ಹೋಗಬಹುದಲ್ಲ ಎಂದು...

ಮೊಸರಿನ ವಾಸನೆ ಬಂದ ಆ ಬೆಳಿಗ್ಗೆ ನಾನು ಪೂಜೆಗೆ ಕೂತರೂ ಮನಸ್ಸು ನಿಲ್ಲಲಿಲ್ಲ. ವಿಭೂತಿ ಹಚ್ಚಿಕೊಂಡು ಎದ್ದು, ಹರಿಹರಕ್ಕೆ ಹೋಗಿ ಅವರನ್ನೇ ಕೇಳಿ ಬರುತ್ತೇನೆ ಎಂದೆ.

"ಅವರು ಏನಂದ್ರೆ ಅದಾ?" ಎಂದು ಕೇಳಿದರು ನಮ್ಮ ಮನೆಯವರು. "ಅವರು ಬ್ಯಾಡ ಅಂದ್ರೆ ನರ್ಸಿಂಗ್ ಸೇರ್ತಾಳಾ?"

ಮಗಳು ನನ್ನ ಮುಖ ನೋಡಿದಳು. "ಸೇರ್ತೀನಿ" ಎಂದಳು. "ಹಾಕ್ರಿ ಅಂದ್ರೆ ನೀನು ಸುಮ್ನಿರ್ಬೇಕಪ್ಪ."

"ಆತು" ಎಂದರು ಅವರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅದನ್ನೇ ಒಳ್ಳೆಯ ಶಕುನವೆಂದುಕೊಂಡೆ. ದಾರಿಯುದ್ದಕ್ಕೂ ಅವರಿಗೆ ಹೇಗೆ ಹೇಳಬೇಕೆಂದು ಜೋಡಿಸಿಕೊಂಡೆ. ಮೇಡಂ, ನೀವು ಬ್ಯಾಡ ಅಂದ್ರಿ, ನೀವೇ ಹಾಕ್ರಿ ಅಂದ್ರಿ, ಈಗ ಒಂದು ಹೇಳ್ರಿ... ಹೀಗೆ ಕೇಳಿದರೆ ಅವರು ನಕ್ಕೇ ನಗುತ್ತಾರೆ ಎಂದೂ ಅನ್ನಿಸಿತು.

ಕಾಲೇಜಿನಲ್ಲಿ ಯಾರನ್ನು ಕೇಳಬೇಕೋ ತಿಳಿಯದೆ ಕಾರಿಡಾರಿನಲ್ಲಿ ನಿಂತಿದ್ದೆ. ಕನ್ನಡಕದ, ನನಗಿಂತ ಹಿರಿಯ ಹೆಂಗಸೊಬ್ಬರು ಬಂದು ಯಾರು ಬೇಕು ಎಂದರು. ಅವರು ಅಲ್ಲಿ ಕೆಮಿಸ್ಟ್ರಿ ಪಾಠ ಮಾಡುವವರು. ನಾನು ಹೇಳಿದೆ. ಅವರು ಪಕ್ಕದ ಕೋಣೆಯ ಬಾಗಿಲು ತೆರೆದರು.

"ಒಳಗೆ ಬರ್ರಿ, ಕೂಡ್ರಿ" ಎಂದರು.

ಕೂಡ್ರಿ ಎಂದ ಆ ದನಿಯಲ್ಲೇ ನನಗೆ ಗೊತ್ತಾಯಿತು. ಮೇಡಂ ಹೋಗಿ ಎರಡು ಮಳೆಗಾಲ ಆಗಿತ್ತಂತೆ. ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲವಂತೆ. ರಾಣೆಬೆನ್ನೂರು ಕಡೆಯಿಂದ ಅಣ್ಣ ಬಂದು ದೇಹವನ್ನು ಊರಿಗೆ ಒಯ್ದರಂತೆ. ನಾನು ಸೆರಗು ಬಾಯಿಗಿಟ್ಟುಕೊಂಡು ಕೂತೆ. ಆ ಕೆಮಿಸ್ಟ್ರಿ ಮೇಡಂ ಎದ್ದು ಫ್ಯಾನು ಜೋರು ಮಾಡಿದರು.

ಆಮೇಲೆ ಬಂದ ಕೆಲಸ ಹೇಳಿದೆ. ಹೇಳಲು ನಾಚಿಕೆಯಾಯಿತು, ಸತ್ತವರ ಸುದ್ದಿ ಕೇಳಿದ ಬಾಯಲ್ಲೇ ಸೀಟಿನ ಮಾತು. ಆದರೆ ಶನಿವಾರ ಕಾಯುವುದಿಲ್ಲವಲ್ಲ. ಮೆಟ್ಟಿಲ ಮೇಲೆ ಹೇಳಿದ್ದನ್ನೂ ಹೇಳಿದೆ, ಹೊಳೆಯ ದಂಡೆಯ ಮೇಲೆ ಹೇಳಿದ್ದನ್ನೂ ಹೇಳಿದೆ.

"ಬ್ಯಾಡ ಅಂತ ಅಂದಿದ್ರಾ?" ಕೆಮಿಸ್ಟ್ರಿ ಮೇಡಂ ಕನ್ನಡಕ ತೆಗೆದರು. "ನಮ್ಮ ಹತ್ರ ಒಂದಿನ ಹಂಗೆ ಮಾತಾಡ್ದೋರಲ್ಲ. ಇಷ್ಟು ವರ್ಷ ಪಕ್ಕದ ಕುರ್ಚಿಯಾಗೆ ಕೂತಿದ್ರು. ನಿಮ್ಮ ಹತ್ರ ಹೇಳ್ಯಾರೆ ನೋಡ್ರಿ."

"ಇನ್ನೂ ಅತಿಥಿಯಾಗೇ ಇದ್ರಾ?" ಎಂದು ಕೇಳಿದೆ.

"ಹೂಂ. ಕೊನೆ ತನಕ." ಕನ್ನಡಕ ಒರೆಸಿ ಹಾಕಿಕೊಂಡರು. "ನನ್ನ ಕೇಳಿದ್ರೆ ಒಂದು ಮಾತು ಹೇಳ್ತೀನಿ. ಅವಳು ಬಯೋಕೆಮಿಸ್ಟ್ರಿ ತಗೊಂಡ್ರೆ ಜೊತೆಗೆ ಕೆಮಿಸ್ಟ್ರಿನೂ ಇಟ್ಕೊಳ್ಳಲಿ, ಬಿಡಬಾರದು. ಮುಂದೆ ಎಂಎಸ್ಸಿಗೆ ಯಾವ ಬಾಗಿಲು ತೆರೆದಿರ್ತೈತೋ ಆ ಕಡೆ ಹೋಗಬಹುದು. ಲ್ಯಾಬಿನ ಕೈಕೆಲಸ ಮೊದಲನೇ ವರ್ಷದಿಂದ್ಲೇ ಕಲೀಲಿ. ರಜೆಗೆ ಎಲ್ಲಾದ್ರೂ ಲ್ಯಾಬಿನಾಗೆ ನಿಂತು ನೋಡ್ಲಿ. ಅಷ್ಟು ಮಾಡಿದ್ರೆ ಉಪವಾಸ ಬೀಳಲ್ಲ. ಆದ್ರೆ ತಗೋಬೇಕೋ ಬ್ಯಾಡೋ ಅನ್ನೋದನ್ನ ನಾನು ಹೆಂಗೆ ಹೇಳ್ಲಿ? ಅದಕ್ಕೆ ಅವರೇ ಇರಬೇಕಿತ್ತು."

ಎದ್ದು ಬಂದೆ. ದೇವಸ್ಥಾನಕ್ಕೆ ಹೋದೆ. ಬಾಗಿಲು ಹಾಕುವ ಹೊತ್ತಾದರೂ ಒಳಗೆ ಬಿಟ್ಟರು, ಅದೂ ಒಂದು ಕರುಣೆ. ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಅವರಿಗೆ ಶಾಂತಿ ಕೊಡು ಎನ್ನಲೋ, ಮಗಳಿಗೆ ದಾರಿ ತೋರಿಸು ಎನ್ನಲೋ... ಎರಡೂ ಒಂದರೊಳಗೊಂದು ಕಲೆಸಿಹೋದವು. ಕೈ ಮುಗಿದು ಬಂದೆ.

ಮನೆಗೆ ಬಂದಾಗ ಮೂವರೂ ಹೊರಗಿನ ಕೋಣೆಯಲ್ಲೇ ಇದ್ದರು. ಹೇಳಿದೆ. ಅತ್ತೆ "ಅಯ್ಯೋ ಶಿವನೇ, ಎಂಥಾ ಹೆಣ್ಮಗಳು" ಎಂದು ಕಣ್ಣೊರೆಸಿಕೊಂಡರು. ಮಗಳು ಮಹಡಿಯ ಮೆಟ್ಟಿಲಿಗೆ ಹೋಗಿ ಕೂತಳು. ಮೇಲೆ ಈಗ ಬ್ಯಾಂಕಿನವರ ಸಂಸಾರವಿದೆ, ಕುಕ್ಕರು ಕೂಗುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ. ಇನ್ನು ಮುಚ್ಚಿಡುವುದು ಸರಿಯಲ್ಲವೆಂದು ಆ ಎರಡು ಮಾತನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ನಮ್ಮ ಮನೆಯವರೂ ಬಾಗಿಲಿಗೆ ಬಂದು ನಿಂತು ಕೇಳಿದರು.

ಮಗಳು ಕೇಳಿದಳು.

"ಯಾವುದನ್ನ ಮೊದ್ಲು ಹೇಳಿದ್ರಮ್ಮ? ಯಾವುದು ಆಮೇಲಿಂದು?"

ಇಷ್ಟು ದಿನ ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಅದರಲ್ಲೇ ಎಲ್ಲಾ ಇತ್ತು. ಮೊದಲು ನೊಂದು ಬ್ಯಾಡ ಎಂದು, ಆಮೇಲೆ ನೋವು ದಾಟಿ ಹಾಕ್ರಿ ಎಂದಿದ್ದರೆ ಅದು ಒಂದು. ಮೊದಲು ಆಸೆಯಿಂದ ಹಾಕ್ರಿ ಎಂದು, ಆಮೇಲೆ ಸಾಕಾಗಿ ಬ್ಯಾಡ ಎಂದಿದ್ದರೆ ಅದೇ ಬೇರೆ. ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಬಿಲ್ವಪತ್ರೆಯ ಬುಟ್ಟಿ ಕಂಡಿತು. ಹೊಳೆಯ ನೀರಿನಲ್ಲಿ ಅವರ ಪಾದ ಕಂಡಿತು. ಯಾವುದರ ಹಿಂದೆ ಯಾವುದು ಎಂದು ಮಾತ್ರ ಹೊಳೆಯಲೇ ಇಲ್ಲ. ಹೊಳೆ ಮೊದಲು ಎಂದು ಒಮ್ಮೆ, ಮೆಟ್ಟಿಲು ಮೊದಲು ಎಂದು ಒಮ್ಮೆ... ಒಂದು ಸುಳ್ಳು ಹೇಳಿದರೆ ಆಗಿಹೋಗುತ್ತಿತ್ತು. ಯಾವ ಕಡೆಗೆ ಹೇಳಿದ್ದರೂ ನಡೆಯುತ್ತಿತ್ತು. ಗಂಡ ಬಾಗಿಲಲ್ಲಿ, ಮಗಳು ಪಕ್ಕದಲ್ಲಿ, ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಆದರೆ ಕೊರಳಲ್ಲಿ ಲಿಂಗ ಇಟ್ಟುಕೊಂಡು, ಸತ್ತವರ ಬಾಯಲ್ಲಿ ಇಲ್ಲದ ಮಾತು ಇಡಲು ಆಗಲಿಲ್ಲ.

"ನೆನಪಿಲ್ಲ ಕಣವ್ವ" ಎಂದೆ.

"ಒಂಚೂರೂ?"

"ಒಂಚೂರೂ ಇಲ್ಲ."

ಮೇಲಿನ ಮನೆಯ ಕುಕ್ಕರು ಇನ್ನೊಂದು ಸಲ ಕೂಗಿತು. ಮಗಳು ಎದ್ದು ಲಂಗ ಕೊಡವಿಕೊಂಡಳು.

"ಹಂಗಾದ್ರೆ ನಾನೇ ಓದಿ ನೋಡ್ತೀನಿ ಬಿಡು" ಎಂದಳು.

ನಮ್ಮ ಮನೆಯವರು ಏನೋ ಹೇಳಲು ಬಾಯಿ ತೆರೆದರು. ಅವಳ ಮುಖ ನೋಡಿದರು. "ಕೆಮಿಸ್ಟ್ರಿನೂ ಇಟ್ಕೊ ಅಂದ್ರಂತಲ್ಲ ಆ ಮೇಡಂ, ಮರೀಬ್ಯಾಡ ಅದನ್ನ" ಎಂದಷ್ಟೇ ಹೇಳಿ ಅಂಗಡಿಗೆ ಹೊರಟರು. ಶನಿವಾರ ನರ್ಸಿಂಗ್ ಕಾಲೇಜಿನವರಿಗೆ ಅವರೇ ಫೋನು ಮಾಡಿ ಬೇಡವೆಂದರು. ಕೂಗಾಡಲಿಲ್ಲ. ಆ ಪುಣ್ಯವನ್ನು ನಾನು ಎಣಿಕೆಗೆ ಹಿಡಿದಿದ್ದೇನೆ.

ಈಗ ಅವಳ ತರಗತಿಗಳು ಶುರುವಾಗಿ ಕೆಲವು ತಿಂಗಳಾಗಿವೆ. ವಿದ್ಯಾನಗರದ ಕಡೆಗೆ ಸಿಟಿ ಬಸ್ಸು ಹಿಡಿದು ಹೋಗುತ್ತಾಳೆ. ಬಿಳಿ ಕೋಟು ಒಗೆದು ಇಸ್ತ್ರಿ ಮಾಡುವ ಕೆಲಸ ನನ್ನದು. ಅದರ ತೋಳಿನಲ್ಲಿ ಬಣ್ಣಬಣ್ಣದ ಕಲೆ, ಯಾವುದೂ ಹೋಗುವುದಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ತಿಳಿದಿಲ್ಲ. ಪೂಜೆಗೆ ಕೂತಾಗ ಮೇಡಂ ಹೆಸರಿಗೂ ಒಂದು ಹೂವು ಏರಿಸುತ್ತೇನೆ. ಏರಿಸುವಾಗಲೂ ಅದೇ ಪ್ರಶ್ನೆ, ಯಾವುದು ಮೊದಲು, ಯಾವುದು ಆಮೇಲೆ...

ಸಂಜೆ ಗೇಟಿನ ಸದ್ದಾದರೆ ಕೈಕೆಲಸ ಬಿಟ್ಟು ಅವಳ ಮುಖ ನೋಡುತ್ತೇನೆ. ನಗುತ್ತಾ ಬಂದ ದಿನ, ಹೊಳೆಯ ದಂಡೆಯ ಮಾತೇ ಕೊನೆಯದು ಅನ್ನಿಸುತ್ತದೆ. ಮುಖ ಬಾಡಿಸಿಕೊಂಡು ಬಂದ ದಿನ, ಇಲ್ಲ, ಮೆಟ್ಟಿಲ ಮೇಲಿನದೇ ಇರಬೇಕು ಅನ್ನಿಸುತ್ತದೆ. ಬಸ್ಸು ಹತ್ತಿದರೆ ಹರಿಹರ ಈಗಲೂ ಅರ್ಧ ಗಂಟೆ. ಹೋಗಿ ಕೇಳಿ ಬರೋಣವೆಂದರೆ ಅಲ್ಲಿ ಅವರಿಲ್ಲ.